ರಜೆ ದೊಡ್ಡದು, ಜೇಬು ಚಿಕ್ಕದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳದ್ದು ಹೆಚ್ಚುಕಡಿಮೆ ಒಂದೇ ರಾಗ. ಮಕ್ಕಳಿಗೆ ರಜೆ ಬಂತು, ದುಡ್ಡಿಲ್ಲ, ಏನು ಮಾಡೋಣ? ಹೆಸರು ಹಾಕಬೇಡಿ ಎಂದು ಬಹಳ ಜನ ಕೇಳಿಕೊಂಡಿದ್ದಾರೆ. ಹಾಗಾಗಿ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಮೇಡಂ, ನಮ್ಮವರು ಸಿಮೆಂಟ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅತ್ತೆ, ನಾವಿಬ್ಬರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ದಸರಾ ರಜೆಗೆ ಎಲ್ಲಾದರೂ ಕರೆದುಕೊಂಡು ಹೋಗಿ ಅಂತ ಮಗಳು ದಿನಾ ಪೀಡಿಸುತ್ತಾಳೆ. ಕೂಡಿಟ್ಟಿರುವುದು ಹತ್ತು ಸಾವಿರ. ಟೆಂಪೊ ಟ್ರಾವೆಲರ್ ಮಾಡಿಕೊಂಡು ಮೂರು ದಿನದಲ್ಲಿ ಏಳು ಊರು ನೋಡೋಣ ಅಂತ ನಾದಿನಿ ಮನೆಯವರು ಹೇಳುತ್ತಿದ್ದಾರೆ. ನಮ್ಮ ಪಾಲಿಗೇ ಹದಿನೈದು ಸಾವಿರ ಬೀಳುತ್ತೆ. ಏನು ಮಾಡಲಿ?
— ಓದುಗರು, ರಾಣೆಬೆನ್ನೂರು

ಉತ್ತರ: ನಾದಿನಿಗೆ ಬೇಜಾರಾಗದ ಹಾಗೆ ಬೇಡ ಅಂದುಬಿಡಿ. ಮೂರು ದಿನಕ್ಕೆ ಏಳು ಊರು ಅಂದರೆ ನಾಲ್ಕು ವರ್ಷದ ಮಗು ಗಾಡಿಯಲ್ಲಿ ವಾಂತಿ ಮಾಡಿಕೊಳ್ಳುತ್ತೆ, ಅತ್ತೆಯ ಕಾಲು ಊದಿಕೊಳ್ಳುತ್ತೆ, ನಿಮಗೆ ನೆನಪಿರೋದು ಪಾರ್ಕಿಂಗ್ ಜಾಗಗಳು ಅಷ್ಟೇ. ಹತ್ತು ಸಾವಿರಕ್ಕೆ ಒಂದೇ ಊರಿಗೆ ಹೋಗಿ, ಎರಡು ರಾತ್ರಿ ಅಲ್ಲೇ ಇರಿ. ನಿಮ್ಮ ಕಡೆಯಿಂದ ನನ್ನ ಆಯ್ಕೆ ಬಾದಾಮಿ.

ಮೊದಲು ಬಸ್ಸಿನ ಲೆಕ್ಕ ನೋಡಿ, ಖುಷಿಯಾಗುತ್ತೆ. ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ. ನೀವು, ಅತ್ತೆ, ಮಗಳು ಮೂವರಿಗೂ ಟಿಕೆಟ್ ದುಡ್ಡಿಲ್ಲ. ಮಗನಿಗೆ ಆರು ವರ್ಷ ಆಗಿಲ್ಲ, ಅವನಿಗೂ ಇಲ್ಲ. ಐದು ಜನ ಹೋಗಿ ಬರುವುದಕ್ಕೆ ನಿಮ್ಮ ಯಜಮಾನರ ಟಿಕೆಟ್ ಒಂದೇ ಖರ್ಚು! ಕರ್ನಾಟಕದ ವಿಳಾಸ ಇರುವ ಆಧಾರ್ ಕಾರ್ಡ್ ಮೂವರದ್ದೂ ಇಟ್ಟುಕೊಳ್ಳಿ. ಮಗಳದ್ದು ಮರೆಯಬೇಡಿ. ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಮಾತ್ರ ಇದು. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ನಡೆಯುವುದಿಲ್ಲ. ಹುಬ್ಬಳ್ಳಿಗೆ ಬಂದು, ಅಲ್ಲಿ ಚಹಾ ಕುಡಿದು, ಬಾದಾಮಿ ಬಸ್ಸು ಹತ್ತಿ.

ಬಾದಾಮಿಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ರೂಮು ಹಿಡಿಯಿರಿ. ಊರ ಹೊರಗಿನ ಚಂದದ ರೂಮು ಅಗ್ಗ ಅನ್ನಿಸಬಹುದು, ಆಮೇಲೆ ಪ್ರತಿ ಸಲವೂ ಆಟೊಗೆ ಕೊಡುತ್ತಾ ಕೂರಬೇಕು. ಒಂದೇ ರೂಮು, ಒಂದು ಹೆಚ್ಚುವರಿ ಹಾಸಿಗೆ. ಎರಡು ರಾತ್ರಿಗೆ ನಾಲ್ಕು ಸಾವಿರ ಎತ್ತಿಡಿ, ಅದರೊಳಗೇ ಚೌಕಾಸಿ ಮಾಡಿ. ಆದರೆ ಆಯುಧಪೂಜೆ, ವಿಜಯದಶಮಿಯ ಆಜುಬಾಜಿನ ದಿನ ಬೇಡ, ಶನಿವಾರ ಭಾನುವಾರವೂ ಬೇಡ. ಮಂಗಳವಾರ ಹೊರಟು ಗುರುವಾರ ವಾಪಸು ಬರುವ ಹಾಗೆ ಇಟ್ಟುಕೊಂಡರೆ ಚೌಕಾಸಿಗೆ ಬಾಯಿ ಬರುತ್ತೆ.

ಗುಹೆಗಳಿಗೆ ಬೆಳಿಗ್ಗೆ ಬೇಗ ಹೋಗಿ. ಬಂಡೆ ಕಾದ ಮೇಲೆ ಮೆಟ್ಟಿಲು ಹತ್ತೋದು ದೊಡ್ಡವರಿಗೂ ಕಷ್ಟ. ಅತ್ತೆಗೆ ಮಂಡಿ ನೋವಿದ್ದರೆ ಮೊದಲನೇ ಗುಹೆಯ ತನಕ ಬರಲಿ, ನಟರಾಜ ಅಲ್ಲೇ ಇದ್ದಾನೆ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಚಾಲುಕ್ಯರ ಮಂಗಳೇಶ ಬರೆಸಿದ್ದು, ಮಗಳಿಗೆ ತೋರಿಸಿ. ಕೈಯಲ್ಲಿ ತಿಂಡಿ ಪೊಟ್ಟಣ ಇಟ್ಟುಕೊಂಡು ಹತ್ತಬೇಡಿ, ಅಲ್ಲಿನ ಕೋತಿಗಳಿಗೆ ಚೀಲದ ಜಿಪ್ ತೆಗೆಯೋದೂ ಗೊತ್ತು. ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲೇ ನಡೆದು ಭೂತನಾಥ ಗುಡಿಗೆ ಹೋಗಿ. ಮೆಟ್ಟಿಲ ಕಾಟ ಜಾಸ್ತಿ ಇಲ್ಲ, ದುಡ್ಡೂ ಇಲ್ಲ, ಅತ್ತೆಯೂ ಆರಾಮಾಗಿ ಬರಬಹುದು.

ಎರಡನೇ ದಿನ ಪಟ್ಟದಕಲ್ಲು, ಐಹೊಳೆ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿ.ಮೀ. ಇದಕ್ಕೊಂದು ಆಟೊ ಮಾಡಿಕೊಳ್ಳಿ, ಎರಡು ಸಾವಿರದೊಳಗೆ ಮಾತಾಡಿ, ಕಾಯುವ ಹೊತ್ತೂ ಸೇರಿ ಅಂತ ಮೊದಲೇ ಹೇಳಿ. ಇಡೀ ಪ್ರವಾಸದಲ್ಲಿ ಮನಸ್ಸು ಬಿಚ್ಚಿ ಖರ್ಚು ಮಾಡಬೇಕಾದ್ದು ಇಲ್ಲೇ, ಯಾಕೆಂದರೆ ಅತ್ತೆಯನ್ನೂ ಚಿಕ್ಕವನನ್ನೂ ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಾ ನಿಂತರೆ ಎಲ್ಲರ ಮುಖವೂ ಗಂಟಾಗುತ್ತೆ. ಪುರಾತತ್ವ ಇಲಾಖೆಯ ಟಿಕೆಟ್ ಬಾದಾಮಿ ಗುಹೆಗೆ 25 ರೂಪಾಯಿ, ಪಟ್ಟದಕಲ್ಲಿಗೆ 40, ಐಹೊಳೆಗೆ 25. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅಂದರೆ ಮೂವರು ದೊಡ್ಡವರಿಗೆ ಮೂರೂ ಕಡೆ ಸೇರಿ 270 ರೂಪಾಯಿ. ಮೊಬೈಲಿನಲ್ಲೇ ತೆಗೆದುಕೊಂಡರೆ ಟಿಕೆಟ್ಟಿಗೆ ಐದು ರೂಪಾಯಿ ಕಮ್ಮಿ.

ಮೂರನೇ ದಿನ ಬೆಳಿಗ್ಗೆ ಬನಶಂಕರಿ. ಊರಿಂದ ಐದು ಕಿ.ಮೀ. ದೇವಸ್ಥಾನದ ಹತ್ತಿರ ಅಜ್ಜಿಯರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳು ಪಲ್ಯ, ಚಟ್ನಿ, ಗಟ್ಟಿ ಮೊಸರು ತಂದು ಬಡಿಸುತ್ತಾರೆ. ಹೋಟೆಲ್ ಹುಡುಕಬೇಡಿ, ಅಲ್ಲೇ ಕೂತು ಉಣ್ಣಿ. ದಸರಾಕ್ಕೆ ಆಗಲಿಲ್ಲ ಅಂದರೆ ಜನವರಿಗೆ ಮುಂದೂಡಿದರೂ ತಪ್ಪಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ನಾಟಕ ಕಂಪನಿಗಳು ಟೆಂಟು ಹಾಕಿ ದಿನಾ ಆಟ ಆಡುತ್ತವೆ. ಆದರೆ ಆಗ ರೂಮು ಸಿಗೋದು ಕಷ್ಟ, ಬೆಳಿಗ್ಗೆ ಹೋಗಿ ರಾತ್ರಿ ನಾಟಕ ನೋಡಿ ಬರುವವರಿಗೆ, ಇಲ್ಲವೇ ಹತ್ತಿರದಲ್ಲಿ ನೆಂಟರಿರುವವರಿಗೆ ಮಾತ್ರ ಅದು.

ಪ್ರಶ್ನೆ: ಹೆಂಡತಿ, ಮಗು, ನಾನು ಥಾಯ್ಲೆಂಡಿಗೆ ಹೋಗೋಣ ಅಂತ. ಆಫೀಸಿನಲ್ಲಿ ಎಲ್ಲರೂ ಹೋಗಿ ಬಂದಿದ್ದಾರೆ. ಒಂದು ಲಕ್ಷ ಪರ್ಸನಲ್ ಲೋನ್ ಸಿಗುತ್ತೆ, ಬಡ್ಡಿ 14%, ಎರಡು ವರ್ಷ. ತೆಗೆದುಕೊಳ್ಳಲೇ?
— ಓದುಗರು, ಬೆಂಗಳೂರು

ಉತ್ತರ: ಬೇಡ. ತಿಂಗಳಿಗೆ ಸುಮಾರು 4,800 ರೂಪಾಯಿ ಕಂತು, ಎರಡು ವರ್ಷಕ್ಕೆ ಬಡ್ಡಿಯೇ ಹದಿನೈದು ಸಾವಿರದ ಮೇಲೆ. ಐದು ದಿನದ ಪ್ರವಾಸಕ್ಕೆ ಇಪ್ಪತ್ತನಾಲ್ಕು ತಿಂಗಳ ಕಂತು. ಅದೇ 4,800 ರೂಪಾಯಿಯನ್ನು ಬ್ಯಾಂಕಿನಲ್ಲಿ ಆರ್.ಡಿ. ಕಟ್ಟಿ, ಒಂದು ವರ್ಷಕ್ಕೆ 57,600 ಆಗುತ್ತೆ, ಮೇಲೆ ಅವರೇ ನಿಮಗೆ ಬಡ್ಡಿ ಕೊಡುತ್ತಾರೆ. ಆ ಕಂತನ್ನು ಒಂದು ವರ್ಷ ತಪ್ಪದೆ ಕಟ್ಟಲು ಆಗಲಿಲ್ಲ ಅಂದರೆ ಸಾಲದ ಕಂತೂ ಕಟ್ಟಲು ಆಗುತ್ತಿರಲಿಲ್ಲ ಅಂತಲೇ ಲೆಕ್ಕ. ಆಫೀಸಿನವರು ಹೋಗಿ ಬಂದ ಫೋಟೊ ಹಾಕಿದ್ದಾರೆ, ಕ್ರೆಡಿಟ್ ಕಾರ್ಡ್ ಬಿಲ್ಲಿನ ಫೋಟೊ ಹಾಕಿಲ್ಲ ಅಲ್ವಾ?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಇಬ್ಬರು ಮಕ್ಕಳೂ ಬೆಳಗಿನಿಂದ ಮೊಬೈಲ್ ಹಿಡಿದಿರುತ್ತಾರೆ. ಕಿತ್ತುಕೊಂಡರೆ ಬೋರು ಅಂತ ಗಲಾಟೆ. ಬೇಸಿಗೆ ಶಿಬಿರಕ್ಕೆ ಕಳಿಸುವಷ್ಟು ದುಡ್ಡು ನಮ್ಮಲ್ಲಿಲ್ಲ. ನಾವು ತೋಟದ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಅಜ್ಜಿ ಒಬ್ಬರೇ.
— ಓದುಗರು, ತುಮಕೂರು ಜಿಲ್ಲೆ

ಉತ್ತರ: ಅಜ್ಜಿ ಇದ್ದಾರೆ ಅಂತ ಬರೆದಿರಲ್ಲ, ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಮುಗೀತು. ಅವರನ್ನು ಚೌಕಾಬಾರ ಆಡಿಸಿ ಅಂತ ಕೇಳಿ. ಬೇಡ ಅನ್ನಲಿಕ್ಕಿಲ್ಲ.

ಮರೆತವರಿಗಾಗಿ ಹೇಳುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಐದು ಸಾಲಿನ ಚೌಕ, ಒಟ್ಟು 25 ಮನೆ. ನಾಲ್ಕು ಬದಿಯ ಮಧ್ಯದ ಮನೆಗೂ ಒಳಗಿನ ನಡುಮನೆಗೂ ಅಡ್ಡಗೆರೆ ಎಳೆಯಿರಿ. ಅಲ್ಲಿ ಕೂತ ಕಾಯಿಯನ್ನು ಹೊಡೆಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಬಳೆಚೂರು, ಕಡ್ಡಿ, ಅವರೆ ಕಾಳು ಏನಾದರೂ ಸರಿ. ಕವಡೆ ಇಲ್ಲವಾ? ಎರಡು ಹುಣಸೆ ಬೀಜವನ್ನು ಸೀಳಿದರೆ ನಾಲ್ಕು ಹೋಳು, ಒಂದು ಮೈ ಬಿಳಿ, ಒಂದು ಮೈ ಕಪ್ಪು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಹೊರಸುತ್ತು ಒಂದು ಕಡೆಗೆ, ಒಳಸುತ್ತು ಅದರ ಎದುರು ಕಡೆಗೆ. ಯಾರದಾದರೂ ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ನುಗ್ಗುವ ಹಾಗಿಲ್ಲ. ಜಗಳ ಶುರುವಾಗೋದೇ ಇಲ್ಲಿ, ಮಜಾ ಇರೋದೂ ಇಲ್ಲೇ. ನಿಯಮ ಒಂದೊಂದು ಮನೆಯಲ್ಲಿ ಒಂದೊಂದು ಥರ ಇರುತ್ತೆ, ಅಜ್ಜಿ ಹೇಳಿದ್ದೇ ಕಾನೂನು ಅಂತ ಮೊದಲೇ ಒಪ್ಪಿಸಿ.

ಅಳಗುಳಿ ಮಣೆ ಅಟ್ಟದ ಮೇಲೆ ಬಿದ್ದಿದ್ದರೆ ಇಳಿಸಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿದರೂ ಆಯ್ತು. ಹುಣಸೆ ಬೀಜವೇ ಸಾಕು. ಒಂದು ಎಚ್ಚರಿಕೆ: ಕೆಂಪಗೆ ಚಂದ ಕಾಣುತ್ತೆ ಅಂತ ಗುಲಗಂಜಿ ತಂದು ಕೊಡಬೇಡಿ. ಅದು ವಿಷದ ಬೀಜ, ಚಿಕ್ಕ ಮಕ್ಕಳು ಅಗಿದರೆ ಜೀವಕ್ಕೇ ಅಪಾಯ.

ಇನ್ನು ಓದು. ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಎಷ್ಟೋ ಕಡೆ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಓದುವ ಬೆಳಕು ಕಾರ್ಯಕ್ರಮದಲ್ಲಿ 2020ರಿಂದ ಇದೆ. ಊರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೊದಲನೇ ದಿನ ನೀವೇ ಜೊತೆಗೆ ಹೋಗಿ ಹೆಸರು ಬರೆಸಿ. ಇಬ್ಬರೇ ಹೋಗಿ ಅಂದರೆ ಹೋಗಲ್ಲ. ಮೊಬೈಲನ್ನೂ ಪೂರ್ತಿ ಬೈಯಬೇಡಿ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ದೊಡ್ಡವನು ಅಜ್ಜಿಗೆ ಓದಿ ಹೇಳಲಿ.

ರಾತ್ರಿ ಕರೆಂಟ್ ಹೋದಾಗ ತಾರಸಿ ಅಥವಾ ಅಂಗಳ. ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರದ ಕಡೆ ಮೇಲೆ ಸಪ್ತರ್ಷಿ ಮಂಡಲ ಚೆನ್ನಾಗಿ ಕಾಣುತ್ತೆ. ಅದರ ಬಾಲಕ್ಕೆ ಎದುರು ತುದಿಯ ಎರಡು ಚುಕ್ಕಿಗೆ ಗೆರೆ ಎಳೆದ ಹಾಗೆ ಕೆಳಕ್ಕೆ ಬಂದರೆ ಧ್ರುವ. ನಮ್ಮ ಸೀಮೆಯಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿ ಮೇಲಿದೆ ಅಷ್ಟೇ, ತೆಂಗಿನ ಮರ ಅಡ್ಡ ಬಂದರೆ ಕಾಣಲ್ಲ. ಬಾಲ ಬಾಗಿದ ಕಡೆಗೇ ಮುಂದುವರಿದರೆ ಸ್ವಾತಿ, ಇನ್ನೂ ಮುಂದಕ್ಕೆ ಚಿತ್ತಾ. ಮಳೆ ನಕ್ಷತ್ರದ ಹೆಸರು ಹೇಳಿ ಹೇಳಿ ಬದುಕಿದವರು ನಾವು, ಮಕ್ಕಳು ಅವನ್ನು ಒಂದು ಸಲವಾದರೂ ಮೇಲೆ ನೋಡಿ ಗುರುತು ಹಿಡಿಯಲಿ.

ಶಿಬಿರದ ಬಗ್ಗೆ ಒಂದು ಮಾತು. ಎಲ್ಲ ಶಿಬಿರವೂ ದುಬಾರಿ ಅಲ್ಲ. ಬಾಲಭವನ, ಪಂಚಾಯಿತಿ ಗ್ರಂಥಾಲಯಗಳಲ್ಲೂ ಬೇಸಿಗೆಯಲ್ಲಿ ಶಿಬಿರ ನಡೆಯುವುದುಂಟು. ಮಾರ್ಚ್ ಕೊನೆಯಲ್ಲೇ ವಿಚಾರಿಸಿ.

ಪ್ರಶ್ನೆ: ಮೊಮ್ಮಕ್ಕಳು ಮಸ್ಕತ್‌ನಿಂದ ಜುಲೈನಲ್ಲಿ ಬರುತ್ತಾರೆ. ಇಲ್ಲಿ ಧೋ ಅಂತ ಮಳೆ. ಹೊರಗೆ ಹೋಗುವ ಹಾಗಿಲ್ಲ, ಯಕ್ಷಗಾನ ತೋರಿಸೋಣ ಅಂದರೆ ಮೇಳಗಳೂ ಒಳಗೆ ಸೇರಿರುತ್ತವೆ. ನನ್ನ ಪಿಂಚಣಿಯಲ್ಲಿ ಮಾಲ್ ಸುತ್ತಿಸೋಕೆ ಆಗಲ್ಲ ಮಗಾ.
— ಅಜ್ಜಿ, ಕಾರ್ಕಳ

ಉತ್ತರ: ಅಜ್ಜಿ, ಮಾಲ್ ಅವರಿಗೆ ಅಲ್ಲೇ ಬೇಕಾದಷ್ಟಿದೆ. ದೊಡ್ಡ ಮೇಳಗಳು ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೇನಂತೆ, ಮಳೆಗಾಲದಲ್ಲಿ ಚಿಕ್ಕಮೇಳ ಮನೆಮನೆಗೆ ಬರುತ್ತದಲ್ಲ! ಒಂದು ಸ್ತ್ರೀವೇಷ, ಒಂದು ಪುರುಷವೇಷ, ಭಾಗವತರು, ಮದ್ದಳೆ. ನಿಮ್ಮ ಚಾವಡಿಯಲ್ಲೇ ದೀಪ ಹಚ್ಚಿಟ್ಟರೆ ಸ್ವಲ್ಪ ಹೊತ್ತಿನ ಆಟ ಆಡಿ ಹೋಗುತ್ತಾರೆ. ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ದುಡ್ಡು. ರಾತ್ರಿಯಿಡೀ ಕೂರಲಾರದ ಪರದೇಶದ ಮಕ್ಕಳಿಗೆ ಇದೇ ಸರಿಯಾದ ಅಳತೆ, ಅದೂ ವೇಷ ಎರಡು ಮಾರು ದೂರದಲ್ಲಿ. ನಿಮ್ಮ ಕಡೆ ಯಾವ ತಂಡ ಬರುತ್ತೆ ಅಂತ ಮೊದಲೇ ತಿಳಿದುಕೊಂಡು ಬರಹೇಳಿ.

ಜುಲೈ ನಡುವೆ ಶುರುವಾಗುವ ಆಟಿ ತಿಂಗಳು ಅಂದರೆ ಚೆನ್ನೆಮಣೆ (ಅದೇ ಅಳಗುಳಿ ಮಣೆ) ತಿಂಗಳು, ನಿಮಗೆ ನಾನು ಹೇಳಬೇಕಾ? ಪತ್ರೊಡೆಗೆ ಕೆಸುವಿನ ಎಲೆಗೆ ಹಿಟ್ಟು ಸವರುವ ಕೆಲಸ ಮಕ್ಕಳಿಗೇ ಕೊಡಿ. ಅರ್ಧ ಹಿಟ್ಟು ನೆಲಕ್ಕೆ ಹೋಗುತ್ತೆ, ಹೋಗಲಿ. ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ ಸಂಜೆಗೆ ಸುಡಿ. ಒಂದೇ ಒಂದು ವಿಷಯದಲ್ಲಿ ಗಟ್ಟಿಯಾಗಿರಿ, ಮಳೆ ಬಿಟ್ಟ ದಿನ ಬೀಚಿಗೆ ಹೋದರೂ ನೀರಿಗೆ ಇಳಿಸಬೇಡಿ. ಜುಲೈ ಸಮುದ್ರ ಯಾರ ಮಾತೂ ಕೇಳುವುದಿಲ್ಲ.

ಪ್ರಶ್ನೆ: ಟಿವಿ, ಓಟಿಟಿ, ಕೇಬಲ್ ಎಲ್ಲ ಸೇರಿ ತಿಂಗಳಿಗೆ ಸಾವಿರ ದಾಟುತ್ತಿದೆ. ಎಲ್ಲಿ ಕಡಿತ ಮಾಡಲಿ?
— ಓದುಗರು, ಮೈಸೂರು

ಉತ್ತರ: ಒಂದು ಸಲಕ್ಕೆ ಒಂದೇ ಓಟಿಟಿ. ಒಂದು ತಿಂಗಳು ಕಟ್ಟಿ, ನೋಡಬೇಕಾದ್ದು ನೋಡಿ, ನಿಲ್ಲಿಸಿ, ಮುಂದಿನ ತಿಂಗಳು ಇನ್ನೊಂದು. ವರ್ಷದ ಪ್ಯಾಕ್ ಅಗ್ಗ ಅನ್ನೋದು ದಿನಾ ನೋಡುವವರಿಗೆ ಮಾತ್ರ. ಈಗಲೇ ಯುಪಿಐ ಆ್ಯಪ್ ತೆರೆದು ಆಟೊಪೇ ಅಂತ ಇರುವ ಕಡೆ ನೋಡಿ, ನೀವು ಮರೆತೇ ಹೋದದ್ದು ಒಂದೆರಡು ಅಲ್ಲಿ ಸುಮ್ನೆ ದುಡ್ಡು ತಿನ್ನುತ್ತಾ ಕೂತಿರುತ್ತವೆ. ತಮ್ಮನ ಮನೆಯ ಪಾಸ್‌ವರ್ಡ್ ನಂಬಿಕೊಳ್ಳಬೇಡಿ, ನೆಟ್‌ಫ್ಲಿಕ್ಸ್ 2023ರಲ್ಲೇ ಅದಕ್ಕೆ ಬಾಗಿಲು ಹಾಕಿದೆ. ಮನೆಯಲ್ಲಿ ಸುದ್ದಿ, ಚಂದನ, ಹಳೇ ಸಿನಿಮಾ ಸಾಕು ಅನ್ನುವವರಿದ್ದರೆ ಡಿಡಿ ಫ್ರೀ ಡಿಶ್ ಹಾಕಿಸಿ. ಡಿಶ್, ಬಾಕ್ಸ್‌ಗೆ ಒಂದು ಸಲ ಖರ್ಚು, ತಿಂಗಳ ಬಾಡಿಗೆ ಇಲ್ಲ. ಆದರೆ ಧಾರಾವಾಹಿ ನೋಡುವ ಅತ್ತೆ ಮನೆಯಲ್ಲಿದ್ದರೆ ಕೇಬಲ್ ತೆಗೆಸುವ ಸಾಹಸಕ್ಕೆ ಹೋಗಬೇಡಿ, ಓಟಿಟಿಯನ್ನೇ ನಿಲ್ಲಿಸಿ. ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಅರಮನೆ ದೀಪ ಹತ್ತುತ್ತೆ, ಮೈಸೂರಲ್ಲೇ ಇದ್ದೂ ಕೊನೆಗೆ ನೋಡಿದ್ದು ಯಾವಾಗ ಹೇಳಿ?

ಪ್ರಶ್ನೆ: ಅಕ್ಕ, ಖರ್ಚು ಕಮ್ಮಿ ಮಾಡೋದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ನಮ್ಮ ಮನೆಯಲ್ಲಿ ಖರ್ಚು ಕಮ್ಮಿ ಮಾಡೋದು ಅಂದರೆ ನಾನು ಹಿಂದಿನ ರಾತ್ರಿ ಎರಡರವರೆಗೆ ರೊಟ್ಟಿ ಬಡಿಯೋದು, ಹೋದ ಕಡೆ ಸ್ಟೋವ್ ಹಚ್ಚೋದು. ರಜೆ ಮುಗಿಸಿ ಬಂದಾಗ ನನಗೇ ಜ್ವರ. ಬರೆಯೋಕೆ ನಾಚಿಕೆ, ಆದರೂ ಬರೆದೆ.
— ಓದುಗರು, ವಿಜಯಪುರ

ಉತ್ತರ: ನಾಚಿಕೆ ಯಾಕೆ, ಈ ಕಂತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪತ್ರ ನಿಮ್ಮದೇ. ನಿಮ್ಮ ಮನೆಯವರು ಉಳಿಸಿದ್ದು ಹೋಟೆಲ್ ಬಿಲ್ಲು, ತೆತ್ತವರು ನೀವು. ಅದನ್ನು ಉಳಿತಾಯ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಹೀಗೆ ಮಾಡಿ. ಸ್ಟೋವ್ ಮನೆಯಲ್ಲೇ ಇರಲಿ, ಇದರಲ್ಲಿ ರಾಜಿ ಬೇಡ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹಿಂದಿನ ರಾತ್ರಿ ಬಡಿಯುವ ಬದಲು ಹದಿನೈದು ದಿನ ಮುಂಚೆಯೇ ರೊಟ್ಟಿ ಮಾಡಿ ಮಾರುವವರ ಹತ್ತಿರ ಹೇಳಿಡಿ, ಹೊರಗೆ ಊಟ ಮಾಡುವುದಕ್ಕೆ ಹೋಲಿಸಿದರೆ ಬಲು ಅಗ್ಗ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹೋದ ಊರಿನಲ್ಲಿ ಮೊಸರು, ಉಳ್ಳಾಗಡ್ಡಿ, ಸವತೆಕಾಯಿ ಕೊಂಡರೆ ಒಂದು ಹೊತ್ತಿನ ಊಟ ಮುಗೀತು. ಉಳ್ಳಾಗಡ್ಡಿ ಹೆಚ್ಚೋದು ಯಜಮಾನರ ಕೆಲಸ. ಬೆಳಗಿನ ತಿಂಡಿ ಹೊರಗೆ, ಇಡ್ಲಿ ಉಪ್ಪಿಟ್ಟಿಗೆ ಯಾರ ಮನೆಯೂ ಮುಳುಗುವುದಿಲ್ಲ. ದುಡ್ಡು ಹೋಗೋದು ರಾತ್ರಿ ಊಟದಲ್ಲಿ, ಹಸಿದು ದಣಿದು ಎಲ್ಲರೂ ಏನೇನೋ ಆರ್ಡರ್ ಮಾಡುವಾಗ. ಹಾಗಾಗಿ ರೊಟ್ಟಿ ಗಂಟು ಬಿಚ್ಚುವುದು ರಾತ್ರಿಗೆ.

ಧರ್ಮಸ್ಥಳ, ಶೃಂಗೇರಿ, ಹೊರನಾಡು ಕಡೆ ಹೋದರೆ ಊಟದ ಚಿಂತೆಯೇ ಇಲ್ಲ, ಬಂದವರಿಗೆಲ್ಲ ಅನ್ನಪ್ರಸಾದ ಇದೆ. ಪುಕ್ಕಟೆ ಅಂತ ಎದ್ದು ಬರಬೇಡಿ, ಕೈಲಾದಷ್ಟು ಹುಂಡಿಗೆ ಹಾಕಿ. ಮತ್ತೆ, ಮೂರು ದಿನದಲ್ಲಿ ಅರ್ಧ ದಿನ ನಿಮ್ಮದು. ಮಕ್ಕಳನ್ನು ಅವರಪ್ಪ ಕರೆದುಕೊಂಡು ಹೋಗಲಿ, ನೀವು ರೂಮಿನಲ್ಲಿ ನಿದ್ದೆ ಹೊಡೆಯಿರಿ. ಇದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಈ ಪುಟ ತೋರಿಸಿ.

ಪ್ರಶ್ನೆ: ಏಳು ವರ್ಷದ ಮಗನಿಗೆ ರೈಲು ಅಂದರೆ ಹುಚ್ಚು. ನಾನೊಬ್ಬಳೇ ದುಡಿಯುವವಳು, ಒಂದು ದಿನದ ರಜೆ ಮಾತ್ರ ಸಿಗುತ್ತೆ. ಹತ್ತಿರದಲ್ಲಿ ಏನಾದರೂ?
— ಓದುಗರು, ಹಾಸನ

ಉತ್ತರ: ನಿಮ್ಮ ಮನೆ ಹಿತ್ತಿಲಲ್ಲೇ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ದಾರಿ, ಸುಮಾರು 55 ಕಿ.ಮೀ., 57 ಸುರಂಗ. ಸುರಂಗ ಎಣಿಸುವ ಕೆಲಸ ಮಗನಿಗೆ ಕೊಡಿ, ಕತ್ತಲಾದಾಗೆಲ್ಲ ಬೋಗಿಗೆ ಬೋಗಿಯೇ ಕೂಗುತ್ತೆ, ಅವನಿಗೆ ಅಷ್ಟು ಸಾಕು. ಹಗಲು ರೈಲು ಬೇಕು, ರಾತ್ರಿಯದಕ್ಕೆ ಹತ್ತಿದರೆ ಏನೂ ಕಾಣಲ್ಲ. ಹಗಲು ರೈಲುಗಳು ದಿನದಿಂದ ದಿನಕ್ಕೆ ಬೇರೆ, ಮೊದಲೇ ನೋಡಿಕೊಂಡು ರಜೆ ಹಾಕಿ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯ ಆಸೆ ಸದ್ಯಕ್ಕೆ ಬಿಡಿ, ಸಾಮಾನ್ಯ ಬೋಗಿಯ ಕಿಟಕಿಯಲ್ಲಿ ಗಾಳಿ ಬರುತ್ತೆ, ಅದರಲ್ಲಿ ಬರಲ್ಲ. ಕಾಯ್ದಿರಿಸದ ಟಿಕೆಟ್ಟಿನಲ್ಲಿ ಅವನಿಗೆ ಅರ್ಧ ದರ.

ಇಳಿಯುವುದು ನೆಟ್ಟಣದಲ್ಲಿ, ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರೋದು ಅಲ್ಲೇ. ಅಲ್ಲಿಂದ ಕುಕ್ಕೆಗೆ ಸುಮಾರು 12 ಕಿ.ಮೀ. ಮಧ್ಯಾಹ್ನ ಸ್ವಲ್ಪ ಹೊತ್ತು ದೇವಸ್ಥಾನ ಮುಚ್ಚಿರುತ್ತೆ, ಬುತ್ತಿ ಕಟ್ಟಿಕೊಂಡು ಹೋಗಿ. ವಾಪಸು ಸಾರಿಗೆ ಬಸ್ಸಿನಲ್ಲಿ ಘಾಟಿ ಹತ್ತಿ ಬನ್ನಿ. ನಿಮಗೆ ಶೂನ್ಯ ಟಿಕೆಟ್, ಮಗನಿಗೆ ಅರ್ಧ. ಮಳೆಗಾಲದಲ್ಲಿ ಹಸಿರು ಜಾಸ್ತಿ ನಿಜ, ಆದರೆ ಗುಡ್ಡ ಕುಸಿದು ರೈಲು ರದ್ದಾಗುವುದೂ ಆಗಲೇ. ಒಂದೇ ದಿನದ ರಜೆ ಇರುವವರು ಅಕ್ಟೋಬರ್ ಆದ ಮೇಲೆ ಹೋಗೋದು ಒಳ್ಳೇದು.